ದೊಡ್ಡ ರಿಜಿಸ್ಟರು

ಪೇಟೆಯ ಹಳೆಯ ಸರ್ಕಾರಿ ಹೈಸ್ಕೂಲಿನ ಚರಿತ್ರೆ ಬರೆಯಹೊರಟವರು ಮೊದಲು ಶಂಕುಸ್ಥಾಪನೆಯ ಕಲ್ಲಿನ ಮುಂದೆ ನಿಲ್ಲುತ್ತಾರೆ. ಅದರಲ್ಲಿರುವುದು ಕಲ್ಲು ಇಟ್ಟವರ ಹೆಸರು, ಓದಿದವರದ್ದಲ್ಲ. ಬೋರ್ಡನ್ನಂತೂ ನಂಬುವ ಹಾಗೆಯೇ ಇಲ್ಲ. 1858ರಲ್ಲಿ ಬೆಂಗಳೂರು ಹೈಸ್ಕೂಲ್ ಎಂದು ಹುಟ್ಟಿದ ಶಾಲೆ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಲ್ಲಿ ತೆರೆದ ಇಂಗ್ಲಿಷ್ ಶಾಲೆಯೂ ಬೆಳೆದು ಮಹಾರಾಜ ಕಾಲೇಜಾಯಿತು. ಈಗಲೂ ಎಷ್ಟೋ ಕಡೆ ‘ಸರ್ಕಾರಿ ಪದವಿಪೂರ್ವ ಕಾಲೇಜು’ ಎಂಬ ದಪ್ಪಕ್ಷರದ ಕೆಳಗೆ, ಕಂಸದೊಳಗೆ, ‘ಪ್ರೌಢಶಾಲಾ ವಿಭಾಗ’ ಮುದುಡಿ ಕೂತಿರುತ್ತದೆ. ಮಗನಿಗೆ ನಡುಮನೆ ಬಿಟ್ಟುಕೊಟ್ಟು ಹಿಂದಿನ ಕೋಣೆ ಸೇರಿದ ತಾಯಿಯ ಹಾಗೆ.

ನಿಜವಾದ ಚರಿತ್ರೆ ಇರುವುದು ಹೆಡ್‌ಮಾಸ್ತರ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ದಾಖಲಾತಿ ರಿಜಿಸ್ಟರಿನಲ್ಲಿ. ಎದುರುಬದುರಿನ ಎರಡು ಪುಟ ಸೇರಿ ಒಂದು ಸಾಲು: ದಾಖಲಾತಿ ಸಂಖ್ಯೆ, ಹೆಸರು, ತಂದೆ, ಜಾತಿ, ಮಾತೃಭಾಷೆ, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಟಿ.ಸಿ. ನಂಬರು. ತಾಯಿಯ ಹೆಸರಿಗೆ ಹಳೆಯ ಪುಸ್ತಕಗಳಲ್ಲಿ ಕಾಲಮ್ಮೇ ಇಲ್ಲ. ಜನ್ಮದಿನಾಂಕ ಮಾತ್ರ ಅಂಕಿಯಲ್ಲೂ ಬೇಕು, ಅಕ್ಷರದಲ್ಲೂ ಬೇಕು. ಅಂಕಿಯನ್ನು ತಿದ್ದುವುದು ಸುಲಭ, ‘ಸಾವಿರದ ಒಂಬೈನೂರ ಅರವತ್ತೆಂಟು’ ಎಂಬುದನ್ನು ತಿದ್ದುವುದು ಕಷ್ಟ. ತಪ್ಪಾದರೆ ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು, ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಹೆಡ್‌ಮಾಸ್ತರ ಸಹಿ ಹಾಕಿಸಬೇಕು. ಬಿಳಿ ಬಳಿದರೆ ದಾಖಲೆ ಕೆಟ್ಟಿತು. ಹುಡುಗ ಶಾಲೆ ಬಿಟ್ಟ ಮೇಲೆ ಜನ್ಮದಿನ ಬದಲಿಸಬೇಕೆಂದರೆ ಕೋರ್ಟೇ ಗತಿ.

ಆ ದಿನಾಂಕದ ಕಾಲಮ್ಮಿನಲ್ಲಿ ಬೆರಳಾಡಿಸಿದರೆ ಒಂದು ಸೋಜಿಗ: ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ 1ಕ್ಕೆ! ಜ್ಯೋತಿಷಿಗಳು ಗಾಬರಿಯಾಗಬೇಕಿಲ್ಲ. ‘ದೊಡ್ಡ ಮಳೆ ಬಂದ ವರ್ಷ’ ಎಂದಷ್ಟೇ ಅಪ್ಪ ಹೇಳಿದಾಗ, ಪ್ರೈಮರಿ ಮೇಷ್ಟ್ರು ಶಾಲೆ ಶುರುವಾಗುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ಬರೆದದ್ದು. ಹೈಸ್ಕೂಲಿನವರು ಟಿ.ಸಿ. ನೋಡಿ ಅದನ್ನೇ ಇಳಿಸಿಕೊಂಡರು. ಪೆನ್ಶನ್ನೂ ಅದರ ಮೇಲೆಯೇ ನಿಂತಿದೆ.

ಇಷ್ಟು ಬೆಲೆಯ ಪುಸ್ತಕ ಕೆಡುವುದು ನಡುವಿನ ಹೊಲಿಗೆಯಿಂದ. ಪೂರ್ತಿ ಬಿಡಿಸಿ ಜೆರಾಕ್ಸ್ ಯಂತ್ರದ ಮೇಲೆ ಅದುಮಿದಾಗ ದಾರ ಕಿತ್ತು, ಎಡಪುಟ ಉಳಿದು ಬಲಪುಟ ಕಾಣೆಯಾಗುತ್ತದೆ. ಆಗ ಹುಡುಗ ಸೇರಿದ್ದಕ್ಕೆ ಸಾಕ್ಷಿಯಿದೆ, ಬಿಟ್ಟದ್ದಕ್ಕಿಲ್ಲ. ಲೆಕ್ಕದ ಪ್ರಕಾರ ಅವನಿನ್ನೂ ಎಂಟನೇ ಕ್ಲಾಸಿನಲ್ಲೇ ಇದ್ದಾನೆ. ಮೊಬೈಲಿನಲ್ಲಿ ಮೇಲಿಂದ ಫೋಟೊ ತೆಗೆದರೆ ಈ ರಗಳೆಯಿಲ್ಲ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಹೆಸರುಗಳು ಅಕಾರಾದಿಯಲ್ಲಿಲ್ಲ, ಸೇರಿದ ಸರದಿಯಲ್ಲಿವೆ. ಎಸ್ಸೆಸ್ಸೆಲ್ಸಿ ಪಾಸಾದ ಇಸವಿಯಿಂದ ಮೂರು ಕಳೆಯಬೇಕು: 1982ರ ಮಾರ್ಚಿನವರು 1979ರ ಜೂನ್ ಪುಟಗಳಲ್ಲಿ ಸಿಗುತ್ತಾರೆ. ಸಿಗದಿದ್ದರೆ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ಮೆಲ್ಲಗೆ, ‘ಒಂಬತ್ತರಲ್ಲಿ ಒಂದ್ಸಲ ಕೂತಿದ್ರಾ ಸಾರ್?’ ಅನ್ನುತ್ತಾರೆ. ಮೊಮ್ಮಗನನ್ನು ಜೊತೆಗೆ ಕರೆತಂದವರು ಗೋಡೆಯ ಗಾಂಧೀಜಿ ಕಡೆ ತಿರುಗುತ್ತಾರೆ. ಗುಮಾಸ್ತರು ಸುಮ್ಮನೆ 1978ರ ಪುಟ ತೆಗೆಯುತ್ತಾರೆ.