ವ್ಯಾಕ್ಯೂಮ್ ಪಂಪ್ ಇಲ್ಲದೆ ಕೂರಿಸಿದ ಎ.ಸಿ.

ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದ ಮೇಲೆ, ಕೂಡಿಟ್ಟ ಹಣದಲ್ಲಿ ಸ್ಪ್ಲಿಟ್ ಎ.ಸಿ. ಕೊಂಡು, ಅದನ್ನು ನಾನೇ ಕೂರಿಸುವ ಸಾಹಸಕ್ಕೆ ಹೋಗದೆ, ಕೆಲಸ ಬಲ್ಲವರನ್ನೇ ಹಣ ಕೊಟ್ಟು ಕರೆಸಿದೆ. ಆದರೆ ಬಂದವರ ಚೀಲದಲ್ಲಿ ವ್ಯಾಕ್ಯೂಮ್ ಪಂಪೇ ಇರಲಿಲ್ಲ. ತಾಮ್ರದ ಕೊಳವೆಗಳಲ್ಲಿರುವ ಗಾಳಿಯನ್ನೂ ತೇವವನ್ನೂ ಆ ಪಂಪಿನಿಂದ ಹೊರಗೆಳೆದ ಮೇಲೆಯೇ ತಂಪು ಮಾಡುವ ಗ್ಯಾಸ್ ಬಿಡಬೇಕು; ಇಲ್ಲವಾದರೆ ಒಳಗೆ ಉಳಿದ ತೇವವು ಕಂಪ್ರೆಸರ್‌ನ ಎಣ್ಣೆಯನ್ನು ಕೆಡಿಸಿ, ಆಮ್ಲ ಹುಟ್ಟಿಸಿ, ಯಂತ್ರದ ಆಯುಷ್ಯವನ್ನೇ ತಿನ್ನುತ್ತದೆ. ಅವರು ಹೊರಗಿನ ಘಟಕದ ವಾಲ್ವನ್ನು ಅಲೆನ್ ಕೀಯಿಂದ ತುಸು ತಿರುಗಿಸಿ, ಸಡಿಲಬಿಟ್ಟ ನಟ್ಟಿನ ಸಂದಿಯಿಂದ ಗ್ಯಾಸ್ ಬುಸ್ಸೆಂದು ಹೊರಬಂದ ಕೂಡಲೇ, “ಗಾಳಿ ಎಲ್ಲಾ ಹೋತ್ರೀ ಸರ” ಎಂದು ನಟ್ಟು ಬಿಗಿದರು. ಅದು ಆರ್-32, ಹೊತ್ತಿಕೊಳ್ಳಬಲ್ಲ ಅನಿಲ. ಘಟಕದ ಮೇಲೆಯೇ ಬೆಂಕಿಯ ಚಿಹ್ನೆ ಅಂಟಿಸಿದ್ದರು.

ಕೊಳವೆಯ ತುದಿಯನ್ನು ಬಿರುಕಿಲ್ಲದಂತೆ ಅರಳಿಸುವ ಕೈಚಳಕ ನನಗಿಲ್ಲ, ಒಂದು ದಿನದ ಕೆಲಸಕ್ಕಾಗಿ ಪಂಪು, ಗೇಜು, ನಟ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ಸ್ಪ್ಯಾನರುಗಳನ್ನು ಕೊಳ್ಳುವುದೂ ಆಗದ ಮಾತು. ಹಣ ಕೊಟ್ಟದ್ದೇ ಆ ಕೌಶಲಕ್ಕೆ, ಆ ಉಪಕರಣಗಳಿಗೆ. ಪಂಪಿನ ಮಾತೆತ್ತಿದರೆ, ಎಲ್ಲರ ಮನೆಯಲ್ಲೂ ಹೀಗೇ ಮಾಡುತ್ತೇವೆ ಎಂಬ ಉತ್ತರ ಬಂತು. ನನಗೆ ಹೆಚ್ಚು ನೋವಾದದ್ದು ಅದರಿಂದಲೇ, ಏಕೆಂದರೆ ಆ ಎಲ್ಲ ಮನೆಯವರೂ ನಂಬಿ ಕರೆಸಿದವರೇ.

ಮರುವರ್ಷ ಏಪ್ರಿಲ್‌ನಲ್ಲಿ ತಂಪು ಇಳಿದುಹೋದಾಗ, ಗ್ಯಾಸ್ ತುಂಬಿಸಲು ಮತ್ತೆ ಹಣ ಕೇಳಿದರು. ಅದೇ ನಟ್ಟಿನ ಸುತ್ತ, ಗ್ಯಾಸ್ ಸೋರಿದ ಗುರುತಾಗಿ, ಧೂಳು ಹಿಡಿದ ಎಣ್ಣೆಯ ಕಲೆ ಬೆರಳಿಗೆ ಅಂಟುತ್ತಿತ್ತು.