ಇದಕ್ಕೆ ಒಪ್ಪಿಗೆ ಅಂತಾರಾ?

ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಜೊತೆ ಚಪ್ಪಲಿ ತಗೊಂಡರೂ ಮೊಬೈಲ್ ನಂಬರ್ ಕೊಡಬೇಕು. ಕೊಡಲ್ಲ ಅಂದರೆ "ನಂಬರ್ ಹಾಕದೆ ಬಿಲ್ ಬರಲ್ಲ ಮೇಡಂ" ಅನ್ನುತ್ತಾರೆ. ಮೊನ್ನೆ ನನ್ನ ಮುಂದೆ ನಿಂತಿದ್ದ ಅಜ್ಜಿ, ಹಿಂದೆ ಕ್ಯೂ ಬೆಳೆದಿದ್ದು ನೋಡಿ ಗಾಬರಿಯಾದರು. ಪರ್ಸಿನಿಂದ ಮಡಚಿದ ಚೀಟಿ ತೆಗೆದು ಮಗನ ನಂಬರ್ ತೋರಿಸಿದರು. ಇದು ಒಪ್ಪಿಗೆನಾ? ಆ ಮಗನನ್ನಂತೂ ಯಾರೂ ಕೇಳೇ ಇಲ್ಲ.

"ಎಲ್ಲರೂ ಸುಮ್ನೆ ಕೊಡ್ತಾರಲ್ಲ" ಅನ್ನೋದು ಅಂಗಡಿಯವರ ವಾದ. ಮೌನಂ ಸಮ್ಮತಿ ಲಕ್ಷಣಂ ಅನ್ನೋದನ್ನೇ ಕಾನೂನು ಮಾಡಿಕೊಂಡಿದ್ದಾರೆ. ನಿಜವಾದ ಕಾನೂನು ಬೇರೆಯೇ ಇದೆ. ಬಲವಂತ, ಮೋಸದಿಂದ ಪಡೆದದ್ದು ಮುಕ್ತ ಒಪ್ಪಿಗೆ ಅಲ್ಲ ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆ. 2023ರ ಡೇಟಾ ರಕ್ಷಣೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ಯಾವುದಕ್ಕೆ ಅಂತ ತಿಳಿದು ಕೊಟ್ಟಿರಬೇಕು, ಷರತ್ತು ಇರಬಾರದು, ಬೇಡ ಅನಿಸಿದಾಗ ವಾಪಸ್ ಪಡೆಯಬಹುದು. ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಅದೇ ವರ್ಷ ಸೂಚನೆ ಕೊಟ್ಟಿತ್ತು.

ಕೌಂಟರಿನ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಹೇಳಿಕೊಟ್ಟಿದ್ದನ್ನು ಮಾಡುತ್ತಾಳೆ. ಸಿಟ್ಟೆಲ್ಲ ಹಾಗೆ ಹೇಳಿಕೊಟ್ಟವರ ಮೇಲೆ. ನನ್ನ ಸರದಿ ಬಂದಾಗ ನಾನು ಕೊಡಲ್ಲ ಅಂತಲೇ ನಿಂತೆ. ಅವಳು ಆ ಕಡೆ ಈ ಕಡೆ ನೋಡಿ ಹತ್ತು ಸೊನ್ನೆ ಒತ್ತಿದಳು. ಬಿಲ್ ಬಂತು. ಹಾಗಾದರೆ ಆ ಅಜ್ಜಿಗೆ ಯಾಕೆ ಬರಲ್ಲ ಅಂದಿದ್ದು?