ರೆಕ್ಕೆಗೆ ಪಟ್ಟಿ ಅಂಟಿಸಿದರೆ ವಿದ್ಯುತ್ ಇಮ್ಮಡಿಯಾಗುವುದೇ?

ಉಡುಪಿ, ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ, ಅದರಲ್ಲೂ ಮಳೆಗಾಲದ ಗಾಳಿಗೆ ಕರೆಂಟು ಹೋದ ದಿನಗಳಲ್ಲಿ, ಒಂದು ಸಂದೇಶ ಮತ್ತೆ ಮತ್ತೆ ಬರುತ್ತದೆ: ಗದಗ, ಚಿತ್ರದುರ್ಗದ ಕಡೆ ಕಾಣುವಂಥ ಗಾಳಿಯಂತ್ರಗಳ ರೆಕ್ಕೆಗೆ ಚಿಕ್ಕ ಪಟ್ಟಿಗಳನ್ನು ಅಂಟಿಸಿದರೆ ವಿದ್ಯುತ್ ಇಮ್ಮಡಿಯಾಗುತ್ತದೆ ಎಂಬುದು ಅದರ ಸಾರ. ಪಟ್ಟಿಗಳೇನೋ ನಿಜ, ಇಮ್ಮಡಿ ಎಂಬುದು ತಪ್ಪು.

ವೋರ್ಟೆಕ್ಸ್ ಜನರೇಟರ್ ಎಂಬ ಈ ಸಾಧನಗಳು, ರೆಕ್ಕೆಯ ಬುಡದ ದಪ್ಪ ಭಾಗದಲ್ಲಿ ಮೇಲ್ಮೈಯಿಂದ ಬೇರ್ಪಡಲು ಹೊರಟ ಗಾಳಿಗೆ ಪುಟ್ಟ ಸುಳಿಗಳ ಮೂಲಕ ಚೈತನ್ಯ ತುಂಬಿ, ಅದು ಮೇಲ್ಮೈಗೆ ಅಂಟಿಕೊಂಡೇ ಹರಿಯುವಂತೆ ಮಾಡುತ್ತವೆ. ಇದರಿಂದ ವಾರ್ಷಿಕ ಉತ್ಪಾದನೆ ಸಾಮಾನ್ಯವಾಗಿ ಹೆಚ್ಚುವುದು ಶೇಕಡ ಒಂದೆರಡು ಪಾಲಿನಷ್ಟು. ಕೆಲವು ರೆಕ್ಕೆಗಳ ಹಿಂಬದಿ ಅಂಚಿಗೆ ಅಂಟಿಸುವ, ಗರಗಸದಂಥ ಹಲ್ಲುಗಳಿರುವ ಇನ್ನೊಂದು ಬಗೆಯ ಪಟ್ಟಿಗಳ ಮುಖ್ಯ ಕೆಲಸವಂತೂ ಸದ್ದು ತಗ್ಗಿಸುವುದು.

ಇದನ್ನು ಪರೀಕ್ಷಿಸಲು ಎಂಜಿನಿಯರ್ ಆಗಬೇಕಿಲ್ಲ. ತೆರೆದ ಗಾಳಿಯಲ್ಲಿ ತಿರುಗುವ ಇಂಥ ಯಂತ್ರ ಗಾಳಿಯ ಶಕ್ತಿಯಲ್ಲಿ ಶೇ. 59.3ಕ್ಕಿಂತ ಹೆಚ್ಚನ್ನು ಹಿಡಿಯಲಾರದೆಂದು ಜರ್ಮನಿಯ ಭೌತವಿಜ್ಞಾನಿ ಆಲ್ಬರ್ಟ್ ಬೆಟ್ಜ್ ತೋರಿಸಿದ್ದಾರೆ. ಉತ್ತಮ ಯಂತ್ರಗಳು ಈಗಾಗಲೇ ಶೇ. 40ನ್ನು ದಾಟಿರುವುದರಿಂದ, ಅದನ್ನು ಇಮ್ಮಡಿಗೊಳಿಸಲು ಜಾಗವೇ ಉಳಿದಿಲ್ಲ. ಇನ್ನು 'ಅಂಟಿಸುವ ಮೊದಲು, ಅಂಟಿಸಿದ ನಂತರ' ಎಂಬ ಅಂಕಿ ಕೊಟ್ಟಿದ್ದರೆ, ಎರಡೂ ದಿನ ಗಾಳಿಯ ವೇಗ ಒಂದೇ ಆಗಿತ್ತೇ ಎಂದು ಕೇಳಬೇಕು. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಸೆಕೆಂಡಿಗೆ 8 ಮೀಟರಿನಿಂದ 9ಕ್ಕೆ ಏರಿದರೂ ಸಾಕು, ಯಾವ ಪಟ್ಟಿಯೂ ಇಲ್ಲದೆ ಅದು ಸುಮಾರು ಶೇ. 42ರಷ್ಟು ಹೆಚ್ಚಿರುತ್ತದೆ.